ಊರ ತಂಗಡಿ, ಸೀಮೆ ತಂಗಡಿ

ಬಳ್ಳಾರಿಯ ಹೆಸರು ಹೊತ್ತು ಇಡೀ ಕರ್ನಾಟಕ ಸುತ್ತುವ ಗಿಡ ಯಾವುದು ಅಂತ ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು. ಬಳ್ಳಾರಿ ಜಾಲಿ. ತುಮಕೂರಿನ ಕೆರೆಯಂಗಳದಲ್ಲಿ ಕಾಲಿಗೆ ಮುಳ್ಳು ಚುಚ್ಚಿದರೂ, ರಾಯಚೂರಿನ ಬೀಳು ಹೊಲದಲ್ಲಿ ಬೈಕಿನ ಟೈರು ಪಂಕ್ಚರ್ ಆದರೂ ಜನ ಬೈಯುವುದು ನಮ್ಮೂರಿನ ಹೆಸರು ಹಿಡಿದೇ. ತಮಾಷೆ ಅಂದರೆ, ಅದಕ್ಕೂ ಬಳ್ಳಾರಿಗೂ ಹುಟ್ಟಿನ ಸಂಬಂಧ ಏನೂ ಇಲ್ಲ. ಅದು ಅಮೆರಿಕ ಖಂಡದ ಗಿಡ. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು ಜಮೈಕಾದಿಂದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರಂ ಹತ್ತಿರ ಬೆಳೆಸಿದರು. ಬರದ ಸೀಮೆಗೆ ಸೌದೆ ಆಗಲಿ ಅನ್ನುವುದು ಅವರ ಲೆಕ್ಕ. ಆಗ ಕಡಪವೂ ಬಳ್ಳಾರಿಯೂ ಒಂದೇ ಪ್ರಾಂತ್ಯದಲ್ಲಿದ್ದವು. ಕುರಿ, ಮೇಕೆ, ದನ ಅದರ ಸಿಹಿ ಕಾಯಿ ತಿಂದು, ಹಿಕ್ಕೆ ಹಾಕಿದಲ್ಲೆಲ್ಲ ಬೀಜ ಬಿತ್ತುತ್ತಾ ಹೋದವು. ಮುಂದಿನದು ನಿಮಗೇ ಗೊತ್ತು.

ಈಗ ಇನ್ನೊಂದು ಗಿಡ ತಗೊಳ್ರಿ. ಕುರುಗೋಡಿನ ಗುಡ್ಡದ ಬಂಡೆಗಳ ನಡುವೆ, ಸಿರುಗುಪ್ಪ ಕಡೆಯ ಮಸಾರಿ ಹೊಲದ ಬದುವಿನಲ್ಲಿ, ಬಳ್ಳಾರಿ ಊರಾಚೆ ಇನ್ನೂ ಸೈಟು ಬೀಳದ ಮರಡಿಯಲ್ಲಿ ಎದೆಯೆತ್ತರಕ್ಕೆ ಪೊದೆಯಾಗಿ ನಿಂತು, ಮಳೆ ಹನಿದ ಮೇಲೆ ಮೈತುಂಬ ಅರಿಶಿನ ಬಳಿದುಕೊಂಡಂತೆ ಹೂ ಬಿಡುವ ಗಿಡ. ಇಲ್ಲಿಯದೇ ಮಣ್ಣಿನ ಮಗಳು. ನಾವು ತಂಗಡಿ ಅಂತೀವಿ. ಚಿತ್ರದುರ್ಗ, ದಾವಣಗೆರೆ ಕಡೆ ತಂಗಟೆ. ಪುಸ್ತಕದಲ್ಲಿ ಆವರಿಕೆ, ಹೊನ್ನಾವರಿಕೆ. ತೆಲುಗಿನವರಿಗೆ ತಂಗೇಡು, ತಮಿಳರಿಗೆ ಆವಾರಂ, ಮರಾಠಿಗರಿಗೆ ತರವಡ. ಸಸ್ಯಶಾಸ್ತ್ರದವರಿಗೆ ಸೆನ್ನಾ ಆರಿಕ್ಯುಲೇಟಾ. ಆರಿಕ್ಯುಲೇಟಾ ಅಂದರೆ ಕಿವಿಯುಳ್ಳದ್ದು. ಎಲೆದಂಟು ಕೊಂಬೆಗೆ ಕೂಡುವ ಜಾಗ ನೋಡಿ, ಎರಡು ಪಕ್ಕಕ್ಕೂ ಪುಟ್ಟ ಕಿವಿಯಂಥ ಎಲೆಚೂರು ಇರುತ್ತದೆ. ಹೂವಿಲ್ಲದ ಕಾಲದಲ್ಲೂ ಗಿಡ ಗುರುತು ಹಿಡಿಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಮೂರನೆಯದು ಸೀಮೆ ತಂಗಡಿ. ಇದು ಮರ. ತಂಗಡಿಯ ದಾಯಾದಿ, ಅದೇ ಸೆನ್ನಾ ಕುಲ, ಬಣ್ಣವೂ ಹಳದಿಯೇ. ತವರು ಸಯಾಮ್, ಬರ್ಮಾ ಕಡೆ. ಹೆದ್ದಾರಿಯ ಅಕ್ಕಪಕ್ಕ, ಸರ್ಕಾರಿ ಕಚೇರಿ ಆವರಣ, ಕಾಲೇಜು ಮೈದಾನ, ಎಲ್ಲ ಕಡೆ ನೆಟ್ಟಿದ್ದಾರೆ. ಬೇಗ ಬೆಳೆಯುತ್ತದೆ, ದನ ಬಾಯಿ ಹಾಕುವುದಿಲ್ಲ, ನೆರಳು ಕೊಡುತ್ತದೆ. ನಮ್ಮ ಹಿರಿಯರಿಗೆ ಹೊರಗಿನದು ಯಾವುದು ಅಂತ ಸ್ಪಷ್ಟ ಗೊತ್ತಿತ್ತು. ಸೀಮೆ ಬದನೆ, ಸೀಮೆ ಹುಣಸೆ, ಸೀಮೆ ಎಣ್ಣೆ ಅಂದ ಹಾಗೇ ಸೀಮೆ ತಂಗಡಿ ಅಂದರು. ಜಾಲಿಯ ವಿಷಯದಲ್ಲಿ ಮಾತ್ರ ಎಡವಟ್ಟಾಯಿತು. ಅದಕ್ಕೆ 'ಸೀಮೆ' ಅಂಟಿಸುವ ಬದಲು 'ಬಳ್ಳಾರಿ' ಅಂಟಿಸಿದರು.

ಹೀಗಾಗಿ ಲೆಕ್ಕ ಏನು ನೋಡಿ. ಹೊರಗಿನ ಮುಳ್ಳಿಗೆ ನಮ್ಮೂರ ಹೆಸರು ಸಿಕ್ಕಿತು. ಹೊರಗಿನ ದಾಯಾದಿಗೆ ರಾಜಬೀದಿ ಸಿಕ್ಕಿತು. ಊರ ತಂಗಡಿಗೆ ಸಿಕ್ಕಿದ್ದು ಜೆಸಿಬಿ.

ಈ ಲೇಖನ ಬರೆಯುವುದಕ್ಕೆ ಕಾರಣ ನಮ್ಮ 'ಹಸಿರು' ಅನ್ನುವ ಕಲ್ಪನೆಯ ಮೇಲೆ ನನಗಿರುವ ತಕರಾರು. ಬಳ್ಳಾರಿಯಾಗಲಿ ಬೆಂಗಳೂರಾಗಲಿ, ರಸ್ತೆ ವಿಭಜಕ, ಬಡಾವಣೆ ಪಾರ್ಕು, ಟೆಕ್ ಪಾರ್ಕಿನ ಲಾನು, ಇವನ್ನು ಒಂದು ಪುಸ್ತಕ ಓದಿದ ಹಾಗೆ ಸಾಲು ಸಾಲಾಗಿ ಓದುತ್ತಾ ಹೋಗಿ. ಬೋಗನ್‌ವಿಲ್ಲಾ, ಡುರಾಂಟ, ಟೆಕೋಮಾ, ಅಲಮಂಡ, ಗುಲ್‌ಮೊಹರ್. ಎಲ್ಲವೂ ಅನುವಾದ. ಮೂಲ ಕೃತಿ ಒಂದೂ ಇಲ್ಲ. ಅನುವಾದ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಗುಲ್‌ಮೊಹರ್ ಮೇ ತಿಂಗಳಲ್ಲಿ ಕೆಂಪಾದಾಗ ನಾನೂ ನಿಂತು ಫೋಟೊ ತೆಗೆಯುತ್ತೇನೆ. ಹಳದಿ ಹೂ ಬೇಕು ಅಂದಾಗ ಮೆಕ್ಸಿಕೋ ಕಡೆಯ ಟೆಕೋಮಾ ತಂದು ಟ್ಯಾಂಕರ್ ನೀರು ಹೊಯ್ಯುವವರಿಗೆ, ನೀರೇ ಕೇಳದೆ ಅದೇ ಹಳದಿ ಕೊಡುವ ಗಿಡ ಊರ ಗಡಿಯಲ್ಲೇ ಇದೆ ಅನ್ನುವುದು ಹೊಳೆಯುವುದೇ ಇಲ್ಲವಲ್ಲ, ನನ್ನ ತಕರಾರು ಅಲ್ಲಿ. ಬಳ್ಳಾರಿಗೆ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 500 ಮಿಲಿಮೀಟರ್. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಇಂಥ ಊರಿನಲ್ಲಿ ಲಾನು ಹುಲ್ಲು ಬೆಳೆಸುವವರ ಧೈರ್ಯ ಮೆಚ್ಚಬೇಕು.

ತಂಗಡಿ ಆ ಬಿಸಿಲಲ್ಲಿ ಹೇಗೆ ಬದುಕುತ್ತದೆ ಅನ್ನುವುದಕ್ಕೆ ಕುರುಗೋಡು ಗುಡ್ಡವೇ ಸಾಕ್ಷಿ. ದೊಡ್ಡಬಸವೇಶ್ವರನ ದರ್ಶನಕ್ಕೆ ಹೋದವರು ಆ ಏಕಶಿಲೆಯ ಬಸವನನ್ನು ನೋಡಿ, ಮಂಡಕ್ಕಿ ಮಿರ್ಚಿ ತಿಂದು ವಾಪಸ್ ಬರುತ್ತಾರೆ. ಒಂದರ್ಧ ಗಂಟೆ ಇಟ್ಟುಕೊಂಡು ಕೋಟೆ ಕಡೆಯ ಗುಡ್ಡದ ಬುಡಕ್ಕೆ ಹೋಗಿ. ಬರೀ ಕಲ್ಲು, ಕಲ್ಲಿನ ಸಂದಿಗೆ ಬೊಗಸೆ ಮಣ್ಣು. ಅಲ್ಲಿ ಗಿಡ ಬೇರನ್ನು ಅಗಲಕ್ಕೆ ಹರಡುವುದಕ್ಕಿಂತ ನೇರ ಕೆಳಗೆ ಇಳಿಸುತ್ತದೆ. ಎಲೆ ಸಣ್ಣ ಸಣ್ಣ ಜೋಡಿ. ಮೇಕೆಗಳು ಕೂಡ ಇದನ್ನು ಮುಟ್ಟುವುದು ಕಡಿಮೆ. ಬಾಯಿಗೆ ಸಿಕ್ಕಿದ್ದನ್ನೆಲ್ಲ ಮೇಯುವ ಹಿಂಡು ಹಾದು ಹೋದ ಮೇಲೂ ಹಸಿರಾಗಿ ಉಳಿಯುವ ಪೊದೆಗಳಲ್ಲಿ ಇದೊಂದು. ಅದರ ಬುಡದ ನೆರಳಲ್ಲಿ ಹುಲ್ಲಿನ ಬೀಜ, ಬೇರೆ ಸಸಿ, ಓತಿಕ್ಯಾತ ಎಲ್ಲಕ್ಕೂ ಜಾಗ.

ಹೂವಿನ ವ್ಯವಹಾರ ಇನ್ನೂ ಮಜಾ. ಇಷ್ಟು ಹಳದಿ ತೋರಿಸಿ ಜೇನನ್ನು ಕರೆಯುವ ಈ ಹೂವಿನಲ್ಲಿ ಮಕರಂದ ಇಲ್ಲ. ಕೊಡುವುದು ಪರಾಗ ಮಾತ್ರ, ಅದೂ ಸುಲಭಕ್ಕೆ ಅಲ್ಲ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬರೀ ತೋರಿಕೆಗೆ. ಉಳಿದವುಗಳ ತುದಿಯಲ್ಲಿ ಉಪ್ಪಿನ ಡಬ್ಬಿಯ ಹಾಗೆ ಸಣ್ಣ ತೂತು. ಅಲುಗಾಡಿಸಿದರೆ ಮಾತ್ರ ಪುಡಿ ಉದುರುತ್ತದೆ. ಈ ಕೆಲಸಕ್ಕೆ ಮನೆ ಕಂಬ, ಒಣ ಬಿದಿರು ಕೊರೆದು ಗೂಡು ಮಾಡುವ ಆ ದಪ್ಪ ಕರಿ ದುಂಬಿಯೇ ಬೇಕು. ಅದು ಬಂದು ಕೇಸರವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಮೈಯನ್ನಷ್ಟೇ ನಡುಗಿಸುತ್ತದೆ. ಹಾರುವಾಗಿನ ಸದ್ದು ಬೇರೆ, ಇದು ಬೇರೆ. ಸೈಲೆಂಟ್ ಮೋಡಿನಲ್ಲಿ ಮೇಜಿನ ಮೇಲಿಟ್ಟ ಫೋನು ಗುಂಯ್ ಅಂದ ಹಾಗೆ. ಗಿಡ್ಡ ಕೇಸರದ ಪುಡಿ ದುಂಬಿಯ ಊಟಕ್ಕೆ. ಅಷ್ಟರಲ್ಲಿ ಕೆಳಗಿನ ಉದ್ದ ಕೇಸರ ಅದರ ಮೈಗೆ ಇನ್ನಷ್ಟು ಪುಡಿ ಸಿಡಿಸಿ ಮುಂದಿನ ಹೂವಿಗೆ ರವಾನೆ ಮಾಡುತ್ತದೆ. ನಾವು ಸಾಕುವ ಜೇನುನೊಣಕ್ಕೆ ಈ ನಡುಗಿಸುವ ವಿದ್ಯೆ ಬರುವುದಿಲ್ಲ. ಅಂದರೆ ಜೇನುಪೆಟ್ಟಿಗೆ ಇಟ್ಟ ಮಾತ್ರಕ್ಕೆ ತಂಗಡಿ ಕಾಯಿ ಕಟ್ಟುವ ಭರವಸೆ ಇಲ್ಲ. ಕರಿ ದುಂಬಿಗೆ ಮನೆ ಮಾಡಲು ಒಣ ಕೊಂಬೆ ಬೇಕು. ನಮ್ಮ ಪಾರ್ಕುಗಳಲ್ಲಿ ಒಣ ಕೊಂಬೆ ಕಂಡರೆ ಕತ್ತರಿಸಿ ಲಾರಿಗೆ ತುಂಬುತ್ತಾರೆ.

ಎಲೆಯ ಕಥೆ ಬೇರೆ. ಮಳೆಗಾಲದಲ್ಲಿ ಗುಂಪು ಗುಂಪಾಗಿ ಒಂದೇ ದಿಕ್ಕಿಗೆ ಹಾರುವ ತಿಳಿ ಹಸಿರು ಮಿಶ್ರಿತ ಬಿಳಿ ಚಿಟ್ಟೆಗಳನ್ನು ನೋಡಿದ್ದೀರಲ್ಲ, ಎಮಿಗ್ರಂಟ್ ಅಂತ ಕರೆಯುತ್ತಾರೆ. ಆ ಜಾತಿಯವು, ಮತ್ತೆ ನೆಲದ ಹತ್ತಿರವೇ ಹಾರುವ ಪುಟ್ಟ ಹಳದಿ ಚಿಟ್ಟೆಗಳು ಮೊಟ್ಟೆ ಇಡುವುದು ತಂಗಡಿ ಮತ್ತು ಅದರ ಬಳಗದ ಗಿಡಗಳ ಮೇಲೆ. ಹುಳ ಎಲೆ ತಿನ್ನುತ್ತದೆ, ಗಿಡ ಸ್ವಲ್ಪ ಬೋಳಾಗುತ್ತದೆ, ಮತ್ತೆ ಚಿಗುರುತ್ತದೆ.

ಕುರುಗೋಡು ಬಿಟ್ಟು ಸಿರುಗುಪ್ಪ ಕಡೆ ಇಳಿದರೆ ಚಿತ್ರ ಬದಲಾಗುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯ ಆಯಿತು, ಕಾಲುವೆ ಬಂತು, ಎರೆ ಹೊಲ ಗದ್ದೆಯಾಯಿತು. ಸಿರುಗುಪ್ಪ ಅಂದರೆ ಈಗ ಭತ್ತ, ರೈಸ್ ಮಿಲ್ಲು. ಅದನ್ನು ದೂರುವ ಹಕ್ಕು ನನಗಿಲ್ಲ, ಜೋಳದ ಸೀಮೆಯಲ್ಲಿ ಅನ್ನ ಹಬ್ಬದ ಊಟವಾಗಿದ್ದ ಕಾಲವನ್ನು ನಮ್ಮ ಹಿರಿಯರು ಕಂಡವರು. ಆದರೆ ಗದ್ದೆಯ ಬದು ಅಂದರೆ ಒಂದು ಹೆಜ್ಜೆ ಅಗಲ, ಅದಕ್ಕೂ ಕಳೆನಾಶಕ. ಕಾಲ್ಬುಡದಲ್ಲಿ ನೀರು ನಿಂತರೆ ತಂಗಡಿಗೆ ಆಗುವುದಿಲ್ಲ. ಕಾಲುವೆ ಮುಟ್ಟಿದ ಕಡೆಯಿಂದ ಅದು ಎದ್ದು ಹೋಯಿತು, ಮುಟ್ಟದ ಕಡೆ ಉಳಿಯಿತು. ಟೆಕ್ಕಲಕೋಟೆಯ ಕಲ್ಲುಗುಡ್ಡಗಳನ್ನು ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೂ ಈ ಗೆರೆ ಕಾಣುತ್ತದೆ. ಕೆಳಗೆ ಭತ್ತದ ಹಸಿರು, ಮೇಲೆ ಕುರುಚಲಿನ ಹಸಿರು. ಎರಡನೆಯದನ್ನು ನಾವು ಹಸಿರು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಲೆಕ್ಕಕ್ಕೆ ಹಿಡಿಯುವುದಿಲ್ಲ ಅನ್ನುವುದು ಬಾಯಿಮಾತಲ್ಲ, ದಾಖಲೆಯಲ್ಲೇ ಇದೆ. ಕೇಂದ್ರದ ಭೂ ಸಂಪನ್ಮೂಲ ಇಲಾಖೆ, ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರದ ಜೊತೆ ಸೇರಿ 'ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್ ಆಫ್ ಇಂಡಿಯಾ' ಹೊರತರುತ್ತದೆ. 2019ರ ಆವೃತ್ತಿ ತೆಗೆದು ನೋಡಿ. ಪಾಳು ಭೂಮಿಯನ್ನು 23 ಬಗೆಯಾಗಿ ವಿಂಗಡಿಸಿದ್ದಾರೆ. ಅದರಲ್ಲಿ ದಟ್ಟ ಕುರುಚಲು ನೆಲ, ವಿರಳ ಕುರುಚಲು ನೆಲ ಅಂತ ಎರಡು ಬಗೆ ಇವೆ. ಅಂದರೆ ತಂಗಡಿ, ಕವಳಿ, ಕಾರೆ, ಲಕ್ಕಿ, ಬಂದರಿಕೆ ಬೆಳೆದ ನೆಲವೆಲ್ಲ ದೇಶದ ಲೆಕ್ಕದಲ್ಲಿ ವ್ಯರ್ಥ. ಉಪಗ್ರಹದ ಕಣ್ಣು ಮೇಲಿನಿಂದ ನೋಡುತ್ತದೆ, ಮರದ ನೆತ್ತಿ ಕಂಡರೆ ಕಾಡು ಅನ್ನುತ್ತದೆ. ಎದೆಯೆತ್ತರದ ಪೊದೆಗೆ ಅದರ ಭಾಷೆಯಲ್ಲಿ ಬೇರೆ ಪದ ಇಲ್ಲ. ನಮ್ಮ ಪಹಣಿಯೂ ಕಡಿಮೆಯದಲ್ಲ. ಅ ಖರಾಬು, ಬ ಖರಾಬು. ಸಾಗುವಳಿ ಆಗದ್ದೆಲ್ಲ ಖರಾಬು. ಡೇಟಾಬೇಸಿನಲ್ಲಿ ಕೆಲಸ ಮಾಡುವವರಿಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ. ಕಾಲಂ ಇಲ್ಲದ್ದು ರಿಪೋರ್ಟಿನಲ್ಲಿ ಬರುವುದಿಲ್ಲ, ರಿಪೋರ್ಟಿನಲ್ಲಿ ಬರದ್ದು ಮೀಟಿಂಗಿನಲ್ಲಿ ಬರುವುದಿಲ್ಲ.

ಹೀಗೆ ಖಾಲಿ ಅಂತ ಬರೆದ ಜಾಗಕ್ಕೆ ಏನು ಬೇಕಾದರೂ ಬರಬಹುದು. ಕ್ವಾರಿ, ಲೇಔಟ್, ಸೋಲಾರ್. ಅಥವಾ ಜೂನ್ 5ಕ್ಕೆ ಸಾಲು ಗುಂಡಿ ತೋಡಿ ಸಸಿ ನೆಡುವ ಕಾರ್ಯಕ್ರಮ. ಕೊನೆಯದೇ ನನಗೆ ಹೆಚ್ಚು ನೋವು ಕೊಡುವುದು, ಯಾಕೆಂದರೆ ಅದನ್ನು ಮಾಡುವವರು ಒಳ್ಳೆಯವರು, ನನ್ನ ಗೆಳೆಯರು, ವಾರದ ರಜೆ ಬಿಟ್ಟು ಬಂದವರು. ಗುಡ್ಡದಲ್ಲಿ ತಾನಾಗೇ ಬೆಳೆದ ಕುರುಚಲನ್ನು ಸವರಿ, ಅದೇ ಜಾಗದಲ್ಲಿ ಸಸಿ ಇಟ್ಟು, ಸೆಲ್ಫಿ ತೆಗೆದು, ಗುಡ್ಡಕ್ಕೆ ಹಸಿರು ಕೊಟ್ಟೆವು ಅಂತ ಬರುತ್ತಾರೆ. ಸಿರುಗುಪ್ಪ ತಾಲ್ಲೂಕಿನ ಬಯಲು ಕರ್ನಾಟಕದಲ್ಲಿ ಎರೆಭೂತ ಹಕ್ಕಿಗೆ ಉಳಿದಿರುವ ಕೊನೆಯ ನೆಲೆ. ಬಸ್ಟರ್ಡ್ ಅಂದರೆ ನಿಮಗೆ ಗೊತ್ತಾಗಬಹುದು. ಅದಕ್ಕೆ ಬೇಕಾಗಿರುವುದೂ ಮರವಿಲ್ಲದ ಬಯಲೇ. ಮರ ನೆಟ್ಟು ಅದನ್ನು ಉಳಿಸುತ್ತೇವೆ ಅನ್ನುವುದು ಮೀನನ್ನು ಉಳಿಸಲು ಕೆರೆಗೆ ಮಣ್ಣು ತುಂಬಿದ ಹಾಗೆ.

ಜನರ ಬದುಕಿನಲ್ಲಿ ಈ ಹೂ ಖಾಲಿ ಜಾಗದ್ದಾಗಿರಲಿಲ್ಲ. ದೀಪಾವಳಿಯ ಪಾಡ್ಯಮಿ ಬೆಳಿಗ್ಗೆ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಸಗಣಿಯ ಪಾಂಡವರನ್ನು ಮಾಡಿ ಹೊಸ್ತಿಲ ಬಳಿ ಕೂರಿಸುತ್ತಾರೆ. ಅವರ ನೆತ್ತಿಗೆ ಸಿಕ್ಕಿಸುವುದು ಉತ್ತರಾಣಿ ಕಡ್ಡಿ, ಹೊನ್ನಾವರಿಕೆ. ಮಲ್ಲಿಗೆ, ಗುಲಾಬಿ ಅಲ್ಲಿ ನಡೆಯುವುದಿಲ್ಲ. ಬೇಕಾದ್ದು ಹೊಲದ ಹೂ, ದುಡ್ಡು ಕೊಡದೆ ತಂದದ್ದು. ಹಬ್ಬದ ಹಿಂದಿನ ದಿನ ಹೂ ತರುವುದು ಮಕ್ಕಳ ಕೆಲಸ. ಯಾವ ಬದುವಿನಲ್ಲಿ ಯಾವ ಗಿಡ ಇದೆ ಅನ್ನುವ ನಕ್ಷೆ ಹತ್ತು ವರ್ಷದ ಹುಡುಗರ ತಲೆಯಲ್ಲಿ ಇರುತ್ತಿತ್ತು. ಈಗ ಬೆಂಗಳೂರಿನಲ್ಲಿ ಹಬ್ಬ ಮಾಡುವ ನಮ್ಮ ಕಡೆಯವರು ಚೆಂಡು ಹೂವಿನಲ್ಲಿ ಮುಗಿಸುತ್ತಾರೆ.

ಪಕ್ಕದ ತೆಲಂಗಾಣದವರು ಈ ಗಿಡವನ್ನು ನಡೆಸಿಕೊಂಡ ರೀತಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ನವರಾತ್ರಿ ಹೊತ್ತಿಗೆ ಹೆಣ್ಣುಮಕ್ಕಳು ಆಡುವ ಬತುಕಮ್ಮ ಹಬ್ಬದಲ್ಲಿ ಹೂವಿನ ಗೋಪುರ ಕಟ್ಟುತ್ತಾರಲ್ಲ, ಅದರಲ್ಲಿ ತಂಗೇಡಿಗೆ ಮೊದಲ ಮರ್ಯಾದೆ. 2014ರಲ್ಲಿ ರಾಜ್ಯವಾದಾಗ ತಂಗೇಡನ್ನೇ ರಾಜ್ಯದ ಹೂ ಅಂದರು. ಮರ ಯಾವುದು ಗೊತ್ತೇ, ನಮ್ಮ ಬನ್ನಿ. ಬಯಲುಸೀಮೆಯ ಬಡ ಗಿಡಗಳನ್ನೇ ಲಾಂಛನ ಮಾಡಿಕೊಳ್ಳುವ ಧೈರ್ಯ ಅದು. ನಮ್ಮದು ಕಮಲ. ಕಮಲದ ಮೇಲೆ ದೂರಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಒಣನೆಲ ಇರುವ ನಾಡಿನ ಹೂ ನೀರಲ್ಲಿ ನಿಲ್ಲಬೇಕು ಅನ್ನುವುದರಲ್ಲಿ ಏನೋ ಒಂದು ಕಥೆ ಇದೆ. ತಮಿಳರ ಹಳೆಯ ಸಂಗಂ ಕಾವ್ಯಗಳಲ್ಲೂ ಆವಾರಂ ಬರುತ್ತದೆ. ಒಲಿಯದ ಹುಡುಗಿಗಾಗಿ ತಾಳೆಗರಿಯ ಕುದುರೆ ಏರಿ ಊರ ಬೀದಿಯಲ್ಲಿ ಹೊರಡುವ ಪ್ರೇಮಿ ಎಕ್ಕೆ, ಆವಾರಂ ಹೂಗಳನ್ನು ತೊಟ್ಟು ಬರುತ್ತಾನೆ. ಮಾನ ಬಿಟ್ಟವನ ಅಲಂಕಾರಕ್ಕೆ ಬೀದಿಬದಿಯ ಹೂ. ಕೀಳು ಹೂ ಅನ್ನುವ ಭಾವ ಅಲ್ಲೂ ಇದ್ದಿರಬೇಕು, ಆದರೂ ಕವಿ ಅದನ್ನು ಹೆಸರಿಟ್ಟು ಕರೆದ.

ವ್ಯಾಪಾರಿಗಳಂತೂ ಎಂದೋ ಬೆಲೆ ಕಟ್ಟಿದ್ದರು. ತಂಗಡಿ ತೊಗಟೆಯಲ್ಲಿ ಚರ್ಮ ಹದ ಮಾಡುವ ಅಂಶ ಇದೆ. ಮದ್ರಾಸ್ ಪ್ರಾಂತ್ಯದಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಹದ ಮಾಡಿದ ಚರ್ಮಕ್ಕೆ ಒಂದು ಕಾಲದಲ್ಲಿ ಈ ತೊಗಟೆಯೇ ಆಧಾರ. ಆಮೇಲೆ ದಕ್ಷಿಣ ಆಫ್ರಿಕಾದಿಂದ ವಾಟಲ್ ತೊಗಟೆ ಬಂದು ಇದನ್ನು ಬದಿಗೆ ಸರಿಸಿತು. ಇಲ್ಲೂ ಸೀಮೆಯದೇ ಗೆದ್ದಿತು ಅನ್ನಬೇಡಿ. ಸಿಪ್ಪೆ ಸುಲಿಸಿಕೊಳ್ಳುವ ಕಷ್ಟದಿಂದ ಗಿಡ ಪಾರಾಯಿತು ಅಂತ ನನಗೆ ಸಮಾಧಾನ.

ಇನ್ನು ತೋಟದ ಮಾತು. ಬಳ್ಳಾರಿಯ ಒಂದು ನರ್ಸರಿಯಲ್ಲಿ ಕೇಳಿದೆ, "ಅಣ್ಣಾ, ತಂಗಡಿ ಸಸಿ ಐತೇನ್ರಿ?" ಆತ ನನ್ನ ಮುಖ ನೋಡಿ ನಕ್ಕ. "ಸೀಮೆ ತಂಗಡಿ ಬೇಕೇನ್ರಿ ಸರ್? ಐತೆ. ಊರ ತಂಗಡಿ ಯಾರು ರೊಕ್ಕ ಕೊಟ್ಟು ಒಯ್ತಾರೆ? ಗುಡ್ಡಕ್ಕೆ ಹೋಗ್ರಿ, ಬಿಟ್ಟಿ ಸಿಗ್ತದೆ." ಅವನದು ಸರಿಯಾದ ಮಾತು. ಬೇಡಿಕೆ ಇಲ್ಲದ್ದನ್ನು ಅವನು ಯಾಕೆ ಬೆಳೆಸಬೇಕು.

ಬೇಡಿಕೆ ಈಗ ಬೇರೆ ದಾರಿಯಲ್ಲಿ ಹುಟ್ಟುತ್ತಿದೆ. ಆನ್‌ಲೈನಿನಲ್ಲಿ ಆವಾರಂ ಟೀ, ಆವಾರಂ ಪುಡಿ. ಮುಖದ ಕಾಂತಿಗೆ, ಶುಗರಿಗೆ. ಹೂವನ್ನು ಒಣಗಿಸಿ ಪ್ಯಾಕೆಟ್ ಮಾಡಿದರೆ ನಮಗೆ ಗೌರವ ಬರುತ್ತದೆ, ಗಿಡದ ಮೇಲೆ ಇದ್ದಾಗ ಬರುವುದಿಲ್ಲ. ಜೊತೆಗೆ 'ನೇಟಿವ್ ಗಾರ್ಡನಿಂಗ್' ಅನ್ನುವ ಹೊಸ ಫ್ಯಾಶನ್. ನನಗೆ ಖುಷಿಯೇ. ಆದರೆ ಅಲ್ಲೂ ನೇಟಿವ್ ಅಂದರೆ ಪಶ್ಚಿಮ ಘಟ್ಟದ್ದು ಅನ್ನುವ ಹಾಗಾಗಿದೆ. ಆರ್ಕಿಡ್, ಜರಿಗಿಡ, ಕಾಡು ಬಾಳೆ. ಮಳೆಕಾಡಿನ ಗಿಡವನ್ನು ವೈಟ್‌ಫೀಲ್ಡಿನ ಹದಿನಾಲ್ಕನೇ ಮಹಡಿಯಲ್ಲಿಟ್ಟು ಮಿಸ್ಟ್ ಸ್ಪ್ರೇ ಮಾಡುವುದಕ್ಕೂ ಟೆಕೋಮಾಕ್ಕೆ ಟ್ಯಾಂಕರ್ ತರಿಸುವುದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಸ್ಥಳೀಯ ಅನ್ನುವುದಕ್ಕೆ ದೇಶದ ಗಡಿ ಅಳತೆಯಲ್ಲ, ಮಳೆ ಮತ್ತು ಮಣ್ಣು ಅಳತೆ.

ಕೆಲವರು ಕೇಳುತ್ತಾರೆ, ತಂಗಡಿ ಅಳಿವಿನಂಚಿನ ಗಿಡವೇನಲ್ಲವಲ್ಲ, ಎಲ್ಲೆಲ್ಲೂ ಇದೆ, ಇಷ್ಟು ಗಲಾಟೆ ಯಾಕೆ ಅಂತ. ನಿಜ, ಅಳಿವಿನಂಚಿನದಲ್ಲ. ಹಾಗಂತ ಗುಬ್ಬಚ್ಚಿಯೂ ಎಲ್ಲೆಲ್ಲೂ ಇತ್ತು. ನನ್ನ ಚಿಂತೆ ಗಿಡದ ಒಟ್ಟು ಲೆಕ್ಕದ್ದಲ್ಲ. ಬಳ್ಳಾರಿಯಲ್ಲಿ ಈಗ ಬೆಳೆಯುವ ಮಗುವಿಗೆ ಬಳ್ಳಾರಿ ಜಾಲಿ ಗೊತ್ತು, ಗುಲ್‌ಮೊಹರ್ ಗೊತ್ತು. ಕೋಟೆಗುಡ್ಡದ ಬುಡದಲ್ಲಿ, ಕುಂಬಾರ ಗುಡ್ಡದ ಇಳಿಜಾರಿನಲ್ಲಿ ಬೆಳೆಯಬೇಕಾದ ಹೂವಿನ ಹೆಸರು ಗೊತ್ತಿಲ್ಲ. ನಗರದ ನಡುವೆ ಎರಡು ಕಲ್ಲುಗುಡ್ಡ ಇಟ್ಟುಕೊಂಡ ಊರಿಗೆ ಉದ್ಯಾನ ಅಂದರೆ ಏನು ಅಂತ ಲಾಲ್‌ಬಾಗ್ ನೋಡಿ ಕಲಿಯುವ ಅಗತ್ಯ ಇರಲಿಲ್ಲ. ಆ ಇಳಿಜಾರನ್ನು ಸುಮ್ಮನೆ ಬಿಟ್ಟು, ಜಾಲಿ ಸಸಿಗಳನ್ನು ಬೇರುಸಮೇತ ಕೀಳುತ್ತಾ ಹೋದರೆ ಸಾಕಿತ್ತು. ಜಾಲಿಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಬಡವರ ಒಲೆಯನ್ನು ವರ್ಷಗಟ್ಟಲೆ ಉರಿಸಿದ್ದು ಅದೇ. ಪೂರ್ತಿ ನಾಶ ಮಾಡಿ ಅಂತ ಕೂಗುವವರು ಸೌದೆ ಆರಿಸಿದವರಲ್ಲ.

ಮನೆಯಲ್ಲೋ ಆಫೀಸಿನ ಕ್ಯಾಂಪಸ್ಸಿನಲ್ಲೋ ಬೆಳೆಸುವ ಮನಸ್ಸಿದ್ದವರಿಗೆ: ಗುಡ್ಡದಿಂದ ಗಿಡ ಕಿತ್ತು ತರಬೇಡಿ, ಅದರ ತಾಯಿಬೇರು ತುಂಡಾದರೆ ಬದುಕುವುದು ಕಷ್ಟ. ಒಣಗಿ ಕಂದಾದ, ಕಾಗದದಂತೆ ಚಪ್ಪಟೆಯಾದ ಕಾಯಿ ನಾಲ್ಕು ತನ್ನಿ. ಬೀಜದ ಸಿಪ್ಪೆ ಗಟ್ಟಿ, ಹಾಗೇ ಹಾಕಿದರೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಉಪ್ಪುಕಾಗದಕ್ಕೆ ಒಂದೆರಡು ಸಲ ಉಜ್ಜಿ, ಇಲ್ಲವೇ ಬಿಸಿನೀರಿನಲ್ಲಿ ಹಾಕಿ ರಾತ್ರಿಯಿಡೀ ನೆನೆಯಲು ಬಿಟ್ಟು, ಮುಂಗಾರು ಶುರುವಾದಾಗ ನೇರ ನೆಲಕ್ಕೇ ಬಿತ್ತಿ. ಪೂರ್ತಿ ಬಿಸಿಲು ಬೇಕು, ಗೊಬ್ಬರ ಬೇಡ. ಬೇರೂರಿದ ಮೇಲೆ ನೀರನ್ನು ಮರೆತರೂ ನಡೆಯುತ್ತದೆ. ಹೂ ಮುಗಿದ ಮೇಲೆ ಸ್ವಲ್ಪ ಸವರಿದರೆ ಪೊದೆ ಚೆಂದ ಕೂರುತ್ತದೆ. ಒಂದೆರಡು ಮಳೆಗಾಲದಲ್ಲಿ ಎಲೆ ತೂತು ತೂತಾಗುತ್ತದೆ, ಹಸಿರು ಹುಳ ಕಾಣುತ್ತದೆ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಫೋಟೊ ಹಾಕಿ 'ಪೆಸ್ಟ್ ಕಂಟ್ರೋಲ್ ಪ್ಲೀಸ್' ಅಂತ ಬರೆಯುತ್ತಾರೆ. ಸ್ಪ್ರೇ ಹೊಡೆಯುವವರನ್ನು ಎರಡು-ಮೂರು ವಾರ ತಡೆದು ನಿಲ್ಲಿಸಿ.